ಮುಯ್ಯಿಗೆ ಬಂದ ಮಕ್ಕಳು

ಪರದೇಶ ನೋಡಿ ಬಂದವರ ಕಥೆ ಅಂದರೆ ಅದರಲ್ಲಿ ಹಡಗು ಇರಬೇಕು, ಹಿಮ ಇರಬೇಕು, ಬಾಯಿಗೆ ಬಾರದ ಊರಿನ ಹೆಸರು ನಾಲ್ಕಾದರೂ ಇರಬೇಕು. ನನ್ನ ಹತ್ತಿರ ಅವೊಂದೂ ಇಲ್ಲ. ಆದರೂ ನಾನು ಪರದೇಶಕ್ಕೆ ಹೋಗಿ ಬಂದವನೇ. ಬೆಟಗೇರಿಯಿಂದ ಹೊರಟು ಒಬ್ಬ ರಾಜನ ಸೀಮೆ ಹೊಕ್ಕು, ಅಲ್ಲಿಂದ ಇನ್ನೊಬ್ಬ ರಾಜನ ಸೀಮೆ ಕಂಡು, ತಿರುಗಿ ನಮ್ಮ ಸರಕಾರದ ನೆಲ ತುಳಿದು, ಕಡೆಗೆ ಹೊಳೆ ದಾಟಿ ಮತ್ತೊಂದು ಸರಕಾರಕ್ಕೆ ಕಾಲಿಟ್ಟೆ. ಇದಿಷ್ಟೂ ಆದದ್ದು ಒಂದು ಗಂಟು ಕಡಕ್ ರೊಟ್ಟಿ ಮುಗಿಯುವುದರೊಳಗೆ.

ಇಂಗ್ರೇಜರು ಹೋಗಿ ಆರು ತಿಂಗಳೂ ತುಂಬಿರಲಿಲ್ಲ. ಗದಗ, ಮುಂಡರಗಿ ಮುಂಬಯಿ ಸರಕಾರದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ತುಂಗಭದ್ರೆಯ ಆಚೆ ದಂಡೆ ಮದ್ರಾಸ ಸರಕಾರದ್ದು. ಮೂಡಲಕ್ಕೆ ನಾಲ್ಕು ಹರದಾರಿ ನಡೆದರೆ ನಿಜಾಮನ ರಾಜ್ಯ. ಎಲ್ಲಾ ಕಡೆ ಅದೇ ಜೋಳದ ರೊಟ್ಟಿ, ಅದೇ ಕನ್ನಡ, ಅದೇ ಜಗಳ. ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ ಅಜ್ಜ ಕಥೆ ಕಟ್ಟುತ್ತಾನೆ ಅನ್ನುತ್ತಾರೆ. ಕಟ್ಟುವುದೇನೂ ಇಲ್ಲ, ನಡೆದದ್ದನ್ನು ಹೇಳುತ್ತೇನೆ.

ಬೆಟಗೇರಿ

ಆಗ ನಾನು ಬೆಟಗೇರಿಯ ಒಂದು ಕನ್ನಡ ಸಾಲಿಯಲ್ಲಿ ಮಾಸ್ತರ. ಸಾಲಿಯ ಮೂರು ಮಗ್ಗುಲಿಗೂ ನೇಕಾರರ ಮನೆಗಳು. ಮಗ್ಗದ ಸದ್ದಿಗೆ ನಮ್ಮ ಕಿವಿ ಎಷ್ಟು ಒಗ್ಗಿತ್ತೆಂದರೆ, ಸದ್ದು ಫಕ್ಕನೆ ನಿಂತಾಗಲೇ ಹುಡುಗರು ಬಳಪ ಕೆಳಗಿಟ್ಟು ಕಿಟಕಿಯ ಕಡೆ ನೋಡುತ್ತಿದ್ದರು. ನೂಲು ಸುತ್ತಲು ಮನೆಯಲ್ಲಿ ಕೈ ಸಾಲದೆ ಬಂದರೆ ತಾಯಂದಿರು ಬಂದು ಮಕ್ಕಳನ್ನು ಎಬ್ಬಿಸಿಕೊಂಡು ಹೋಗುವರು, ಕೆಲಸ ತೀರಿದ ಮೇಲೆ ತಂದು ಬಿಡುವರು. ನಾನು ಸಿಟ್ಟು ಮಾಡಿದರೆ, ಹೊಟ್ಟಿ ತುಂಬಿಸಿಕೊಂಡ ಬರ್ತಾವ ಬಿಡ್ರಿ ಮಾಸ್ತರ ಅಂತ ನಗುವರು. ಸಾಲಿ ಅವರ ಪಾಲಿಗೆ ಅಂಗಳದ ಇನ್ನೊಂದು ಮೂಲೆ.

ಒಂದು ಮಧ್ಯಾಹ್ನ ಫಕೀರಪ್ಪ ಬಂದ. ಊರೂರಿಗೆ ಸೀರೆಯ ಗಂಟು ಹೊತ್ತು ಮಾರುವವನು. ಸೀರೆಗಿಂತ ಖಬರನ್ನೇ ಹೆಚ್ಚು ಮಾರುತ್ತಿದ್ದ. ನನ್ನ ಅಕ್ಕ ಶಾಂತವ್ವನನ್ನು ಕೊಟ್ಟದ್ದು ಹೊಳೆಯ ಆಚೆ ದಂಡೆಯ ಒಂದು ಹಳ್ಳಿಗೆ, ಅಲ್ಲಿಯ ಗೌಡರ ಮನೆಗೆ. ಅವಳು ಫಕೀರಪ್ಪನ ಬಾಯಲ್ಲಿ ಹೇಳಿ ಕಳಿಸಿದ್ದು ಹೀಗೆ: ಊರಿಗೆ ಸಾಲಿ ಕೊಡಬಹುದೋ ಇಲ್ಲವೋ ಅಂತ ನೋಡಲು ಮದ್ರಾಸ ಸರಕಾರದ ಡೆಪ್ಯುಟಿ ಸಾಹೇಬರು ಸುಗ್ಗಿಯೊಳಗೆ ಬರುತ್ತಾರೆ. ಬೇಕಾದಷ್ಟು ಮಕ್ಕಳು ಕಂಡರೆ ಸಾಲಿ ಮಂಜೂರು. ಮಂಜೂರಾದರೆ ಅಕ್ಕನ ಮಗಳು ಚನ್ನಿ ಸಾಲಿಗೆ ಹೋಗಬಹುದು. ಆಗದಿದ್ದರೆ ಈ ಬ್ಯಾಸಿಗೆಯಲ್ಲಿ ಅವಳ ಲಗ್ನ. ಇದು ಅಕ್ಕನ ಮಾವ ವಿರೂಪಾಕ್ಷಗೌಡರ ಮಾತು.

ಲಗ್ನ ಯಾರ ಕೂಡ ಅಂತ ಕೇಳಿದೆ. ಫಕೀರಪ್ಪ ಗಂಟು ಬಿಚ್ಚುತ್ತ, ತಲೆ ಎತ್ತದೆ ಹೇಳಿದ.

"ಯಾರ ಕೂಡ ಅಂದ್ರ? ಸೋದರಮಾವ ಗಟ್ಟಿಮುಟ್ಟಾಗಿ ಬೆಟಗೇರ್‍ಯಾಗ ಕುಂತಿರಬೇಕಾದ್ರ ಹೊರಗ ಯಾಕ ಹುಡುಕ್ತಾರ್ರೀ?"

ನಮ್ಮ ಕಡೆ ಅಕ್ಕನ ಮಗಳ ಮೇಲೆ ತಮ್ಮನ ಹಕ್ಕು ಅನ್ನುವುದು ಹಳೆಯ ಪದ್ಧತಿ. ಚನ್ನಿಗೆ ಆಗ ಹನ್ನೊಂದೋ ಹನ್ನೆರಡೋ. ಹುಟ್ಟಿದಾಗ ತೊಟ್ಟಿಲು ತೂಗಿದವನು ನಾನು. ಫಕೀರಪ್ಪನಿಗೆ ನೀರು ಕೊಡುವುದನ್ನೂ ಮರೆತು ಕುಳಿತೆ. ಅಕ್ಕ ಇನ್ನೆರಡು ಮಾತು ಸೇರಿಸಿದ್ದಳು. ಬರುವಾಗ ಮಕ್ಕಳಿಗೆ ಬರೆಯಲು ಒಂದಿಷ್ಟು ಕಲ್ಲಿನ ಪಾಟಿ ತಾ. ಲಕ್ಷ್ಮೇಶ್ವರಕ್ಕೆ ಹೋಗಿ ಗುರವ್ವ ಆಯಿಯನ್ನೂ ಕರೆದುಕೊಂಡು ಬಾ. ಗುರವ್ವ ಆಯಿ ಗೌಡರ ಖಾಸಾ ಅಕ್ಕ. ಗೌಡರು ಜಗತ್ತಿನಲ್ಲಿ ಅಂಜುತ್ತಿದ್ದುದು ಆಕೆ ಒಬ್ಬಳಿಗೆ.

ಶಿರಹಟ್ಟಿ

ಪಾಟಿಯ ಗಂಟು ಕಟ್ಟಿಕೊಂಡು ಶಿರಹಟ್ಟಿಯ ಮೋಟಾರು ಹತ್ತಿದೆ. ಇದ್ದಿಲ ಹೊಗೆಯಲ್ಲಿ ಓಡುವ ಮೋಟಾರು ಅದು. ಓಡುತ್ತದೆ ಅನ್ನುವುದು ಮಾಲಕರ ಮಾತು. ನಾವು ಕಂಡಂತೆ ಏರಿನಲ್ಲಿ ಅದನ್ನು ದೂಡಬೇಕಿತ್ತು. ಸೊರಟೂರಿನ ಹತ್ತಿರ ಎಲ್ಲರೂ ಇಳಿದು ದೂಡಿದೆವು. ಅದು ಫಕ್ಕನೆ ಜೀವ ತಳೆದು ಮುಂದೆ ಜಿಗಿದಾಗ ಮೇಲೆ ಕಟ್ಟಿದ್ದ ಪಾಟಿಯ ಗಂಟು ಕೆಳಗೆ ಬಿತ್ತು. ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಒಡೆದಿವೆ. ಹೊಲದಲ್ಲಿ ಎಳೆ ಜೋಳದ ತೆನೆ ಸುಟ್ಟು ಸೀತನಿ ಮಾಡುತ್ತಿದ್ದ ರೈತನೊಬ್ಬ ನನ್ನ ಮುಖ ನೋಡಿ ಮರುಗಿ ಒಂದು ಬೊಗಸೆ ಬಿಸಿ ಸೀತನಿ ಕೊಟ್ಟ. ಮಾಸ್ತರ, ಕಲ್ಲು ಒಡದ್ರ ಎರಡು ಕಲ್ಲು ಆಗ್ತಾವ, ದುಃಖ ಯಾಕ, ಅಂದ.

ಸಂಸ್ಥಾನದ ಹದ್ದಿಯಲ್ಲಿ ಸುಂಕದ ನಾಕಾ. ನಾಕೇದಾರ ಗಂಟು ತಟ್ಟಿ ಒಳಗೇನು ಅಂದ. ಪಾಟಿ ಅಂದೆ. ಈ ಪಾಟಿಯ ಮೇಲೆ ನಮ್ಮ ಸೀಮ್ಯಾಗ ಬರೀತಾರೋ, ಹೊರಗ ಬರೀತಾರೋ ಅಂತ ಕೇಳಿದ. ಹೊರಗೆ ಅಂದೆ. ಹಂಗಾದ್ರ ಅದಕ್ಕ ಜಕಾತಿ ಇಲ್ಲ ಅಂತ ಬಿಟ್ಟುಕೊಟ್ಟ. ಅಕ್ಷರಕ್ಕೂ ಹದ್ದಿ ಇರುತ್ತದೆ ಅಂತ ಅವತ್ತು ಗೊತ್ತಾಯಿತು.

ಶಿರಹಟ್ಟಿಯಲ್ಲಿ ಪರಿಚಯದ ಮಾಸ್ತರರೊಬ್ಬರ ಮನೆಯಲ್ಲಿ ಇಳಿದೆ. ಬೆಳಿಗ್ಗೆ ಅವರ ಸಾಲಿಗೂ ಹೋದೆ. ಮಕ್ಕಳು ಮೊದಲು ಮಹಾರಾಜರಿಗೆ ಜಯಕಾರ ಹಾಕಿದರು, ಅದೇ ಉಸಿರಿನಲ್ಲಿ ಭಾರತಮಾತೆಗೂ ಹಾಕಿದರು. ಗೋಡೆಯ ಮೇಲೆ ಮಹಾರಾಜರ ಪಟ. ಅದರ ಪಕ್ಕದಲ್ಲಿ ಒಂದು ಬರಿಯ ಮೊಳೆ ಹೊಡೆದಿದ್ದರು, ಮುಂದೆ ಯಾರ ಪಟ ಬರುವುದೋ ಅಂತ. ನಾನು ನಕ್ಕದ್ದು ಕಂಡು ಮಾಸ್ತರರು ಸಣ್ಣ ದನಿಯಲ್ಲಿ, ನಗಬ್ಯಾಡ್ರಿ, ಸಾಲಿ ಅಂದ್ರ ಹಿಂಗ ಇರಬೇಕಾಗ್ತೈತಿ, ಮೊಳಿ ನಮ್ಮದು ಪಟ ಅವರದು, ಅಂದರು.

ದಾರಿಯುದ್ದಕ್ಕೂ ಆ ಮಾತು ನನ್ನ ತಲೆಯಲ್ಲಿತ್ತು. ನಮ್ಮ ಬೆಟಗೇರಿ ಸಾಲಿಯಲ್ಲಿಯೂ ಹಿಂದಿನ ವರ್ಷದವರೆಗೆ ಇಂಗ್ರೇಜರ ಬಾದಶಹನ ಪಟ ಇತ್ತು. ಅದನ್ನು ಇಳಿಸಿದ ದಿನ ಹುಡುಗರು ಕುಣಿದಾಡಿದರು. ಮರುದಿನ ಅದೇ ಹುಡುಗರು ಅದೇ ಮಗ್ಗಿಯನ್ನು ಅದೇ ರಾಗದಲ್ಲಿ ಹೇಳಿದರು. ರಾಜ್ಯ ಬದಲಾದರೂ ಏಳು ಎಂಟ್ಲಿ ಐವತ್ತಾರೇ.

ಲಕ್ಷ್ಮೇಶ್ವರ

ಗುರವ್ವ ಆಯಿಯ ಮನೆಯ ಎದುರಿಗೇ ಒಂದು ಗಾವಠಿ ಸಾಲಿ. ಸರಕಾರದ್ದಲ್ಲ, ಒಬ್ಬ ಅಯ್ಯನವರು ತಮ್ಮ ಪಡಸಾಲೆಯಲ್ಲಿ ನಡೆಸುತ್ತಿದ್ದರು. ಮಕ್ಕಳು ಮರಳು ಹರಡಿ ಬೆರಳಿನಿಂದ ಬರೆಯುತ್ತಿದ್ದರು. ಪಾವು, ಅರ್ಧ, ಮುಕ್ಕಾಲುಗಳ ಮಗ್ಗಿಯನ್ನು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಆಯಿ ಅಕ್ಷರ ಕಲಿತವಳಲ್ಲ. ಆದರೆ ನಲವತ್ತು ವರ್ಷ ಆ ಕೂಗು ಕೇಳಿ ಕೇಳಿ ಸವ್ವಾಎರಡರ, ಅಂದರೆ ಎರಡೂಕಾಲರ, ಮಗ್ಗಿ ಆಕೆಗೆ ಬಾಯಿಪಾಠ. ರೊಟ್ಟಿ ಬಡಿಯುವ ಸಪ್ಪಳಕ್ಕೆ ಅದನ್ನೇ ಹೇಳಿಕೊಳ್ಳುತ್ತಿದ್ದಳು.

ನಾನು ಬಂದ ಕಾರಣ ಹೇಳಿದೆ. ಆಕೆ ಕೇಳುತ್ತಲೇ ರೊಟ್ಟಿ ತಿರುವಿದಳು, ಕೇಳುತ್ತಲೇ ಬುತ್ತಿ ಕಟ್ಟಿದಳು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ಚಕ್ಕಡಿ ಹೂಡಲು ಮಗನಿಗೆ ಕೂಗಿ ಹೇಳಿದ ಮೇಲೆ ನನ್ನನ್ನು ಕೇಳಿದಳು: ನಿನಗ ಆ ಕೂಸು ಬ್ಯಾಡೇನು? ಒಲ್ಲೆ ಅಂದೆ. ಹಂಗಾದ್ರ ಒಲ್ಲೆ ಅಂತ ಕುಂತಬಿಡು, ಇಷ್ಟು ದೂರ ಯಾಕ ಬಂದಿ, ಅಂದಳು. ಉತ್ತರ ಆಕೆಗೇ ಗೊತ್ತಿತ್ತು. ಚಕ್ಕಡಿ ಊರು ಬಿಟ್ಟ ಮೇಲೆ ಹೇಳಿದಳು.

"ನೀ ಒಲ್ಲೆ ಅಂದ್ರ ಅದು ತಪ್ಪೂದಿಲ್ಲ, ತಮ್ಮಾ. ಒಲ್ಲೆ ಅನ್ನಾಂವ ನೀ ಒಬ್ಬ. ಹೂಂ ಅನ್ನಾವರು ಇನ್ನೂ ಹತ್ತು ಮನ್ಯಾಗ ಅದಾರ. ನನ್ನೂ ಹಂಗ ತಂದ್ರು. ಗೊಂಬಿ ಕೈಯಾಗ ಹಿಡಕೊಂಡ ಬಂದಿದ್ದೆ ನಾ ಈ ಊರಿಗೆ."

ಸಾಲಿ ಇದ್ದಿದ್ದರೆ ಏನಾಗುತ್ತಿತ್ತು ಆಯಿ ಅಂತ ಕೇಳಿದೆ. ಏನೂ ಆಗತಿದ್ದಿಲ್ಲ, ಅಂದಳು. ಮತ್ತೆ ಸ್ವಲ್ಪ ದೂರ ಹೋದ ಮೇಲೆ ತಾನೇ ಮಾತು ಮುಂದುವರಿಸಿದಳು. ಹುಡುಗಿ ಎಲ್ಲಿ ಅಂದ್ರ ಸಾಲ್ಯಾಗ ಅದಾಳ ಅಂತ ಹೇಳಾಕ ಬರ್ತಿತ್ತು. ಮನ್ಯಾಗ ಕುಂತ ಹುಡುಗಿ ಎಲ್ಲರ ಕಣ್ಣಿಗೂ ಖಾಲಿ ಕುಂತಂಗ ಕಾಣ್ತಾಳ. ನಾಲ್ಕು ವರ್ಷ ತಡೀತಿತ್ತು. ಅಷ್ಟ ಸಾಕಾಗತಿತ್ತು ನನಗ.

ಸಾಲಿ ಯಾಕೆ ಬೇಕು ಅನ್ನುವುದರ ಮೇಲೆ ನಾನು ಟ್ರೇನಿಂಗ ಕಾಲೇಜಿನಲ್ಲಿ ಪುಟಗಟ್ಟಲೆ ಬರೆದು ಪಾಸಾದವನು. ನಾಲ್ಕು ವರ್ಷ ತಡೆಯಲಿಕ್ಕೆ ಅಂತ ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂಡರಗಿ

ಮುಂಡರಗಿಯ ಹೊರಗೆ, ಬೇವಿನ ಗಿಡಗಳ ಕೆಳಗೆ, ನಿಜಾಮನ ಸೀಮೆಯ ದಾಂಧಲೆಗೆ ಅಂಜಿ ಓಡಿಬಂದ ಕುಟುಂಬಗಳು ಬಿಡಾರ ಹೂಡಿದ್ದವು. ನಾವು ಎತ್ತುಗಳಿಗೆ ನೀರು ಕುಡಿಸಲು ಅಲ್ಲಿಯೇ ನಿಂತೆವು. ಒಂದು ಗಿಡದ ಕೆಳಗೆ ಇಪ್ಪತ್ತು ಮೂವತ್ತು ಮಕ್ಕಳನ್ನು ಸಾಲಾಗಿ ಕೂಡಿಸಿಕೊಂಡು ಒಬ್ಬರು ಪಾಠ ಮಾಡುತ್ತಿದ್ದರು. ಅವರೂ ಓಡಿಬಂದವರೇ, ತಮ್ಮೂರಿನಲ್ಲಿ ಉರ್ದು ಸಾಲಿಯ ಮಾಸ್ತರರಂತೆ. ಮಾತು ಕನ್ನಡ, ಬರವಣಿಗೆ ಉರ್ದು. ಕನ್ನಡ ಅಕ್ಷರ ಬರೆಯಲು ಅವರ ಕೈಗೇ ರೂಢಿ ಇರಲಿಲ್ಲ. ನೆಲದ ಮೇಲೆ ಕಡ್ಡಿಯಿಂದ ಒಂದೊಂದೇ ಅಕ್ಷರ ತಿದ್ದುತ್ತ, ತಾವೂ ಕಲಿಯುತ್ತ, ಮಕ್ಕಳಿಗೂ ಕಲಿಸುತ್ತಿದ್ದರು.

ಏನು ಕಲಿಸುತ್ತಿದ್ದೀರಿ ಅಂತ ಮಾಸ್ತರಿಕೆಯ ಗತ್ತಿನಲ್ಲಿ ಕೇಳಿದೆ. ಅವರು ಎದ್ದು ಬಂದು, ಮಕ್ಕಳಿಗೆ ಕೇಳದ ಹಾಗೆ ಹೇಳಿದರು. ಇಲ್ಲಿಗೆ ಬಂದ ಹೊಸತರಲ್ಲಿ ಈ ಮಕ್ಕಳು ದಿನವೆಲ್ಲ ಬಂದ ದಾರಿಯನ್ನೇ ನೋಡುತ್ತ ನಿಲ್ಲುತ್ತಿದ್ದರು. ಯಾರೋ ಬರುತ್ತಾರೆ ಅನ್ನುವ ಅಂಜಿಕೆ. ಸಾಲು ಕೂಡಿಸಿದರೆ ಅಷ್ಟು ಹೊತ್ತು ನೆಲ ನೋಡುತ್ತಾರೆ. ಖರೆ ಹೇಳಬೇಕಂದ್ರ ನಾ ಕಲಸೂದು ಏನೂ ಇಲ್ರಿ, ದಾರಿಗೆ ಬೆನ್ನು ಮಾಡಿ ಕೂಡಸ್ತೀನಿ, ಅಷ್ಟ, ಅಂದರು.

ಮಕ್ಕಳೆಲ್ಲ ಮೂಡಲ ದಿಕ್ಕಿಗೆ ಬೆನ್ನು ಮಾಡಿ ಕುಳಿತದ್ದನ್ನು ಆಗ ನೋಡಿದೆ. ಗಂಟು ಬಿಚ್ಚಿ ಒಡೆದ ಪಾಟಿಯ ತುಂಡುಗಳನ್ನು ಕೊಟ್ಟೆ. ಗಟ್ಟಿ ಪಾಟಿಗಳಲ್ಲಿಯೂ ನಾಲ್ಕನ್ನು ಆಯಿ ಎತ್ತಿ ಕೊಟ್ಟಳು.

ಕೊರ್ಲಹಳ್ಳಿ

ಹೊಳೆಯ ಈಚೆ ದಂಡೆಯ ಕಡೆಯ ಊರು ಇದು. ಹರಗೋಲು ಸಿಗುವ ಕಟ್ಟೆಯ ಹತ್ತಿರ ಊರ ಸಾಲಿಯ ಮಾಸ್ತರರು, ಫಕೀರಪ್ಪನಿಂದ ಖಬರು ತಿಳಿದು, ನಮ್ಮ ದಾರಿ ಕಾಯುತ್ತಿದ್ದರು. ದುಂಡಗಿನ ಮನುಷ್ಯ, ನಕ್ಕರೆ ರುಮಾಲು ಅಲುಗುತ್ತಿತ್ತು. ಅವರ ಹಿಂದೆ ಒಗೆದ ಅಂಗಿ ತೊಟ್ಟ, ತಲೆಗೆ ಎಣ್ಣೆ ಹಚ್ಚಿ ಬಾಚಿದ ಹದಿನೈದಿಪ್ಪತ್ತು ಹುಡುಗರು.

ಇವರೆಲ್ಲ ಎಲ್ಲಿಗೆ ಅಂದೆ. ನಿಮ್ಮ ಅಕ್ಕನ ಊರಿಗೆ ಮುಯ್ಯಿಗೆ ಹೊಂಟಾರ್ರಿ, ಅಂದರು.

ಮುಯ್ಯಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನನ್ನ ಹೊಲದ ಕೆಲಸಕ್ಕೆ ಕೈ ಸಾಲದಿದ್ದರೆ ನೀವು ನಾಲ್ಕು ಆಳು, ಒಂದು ಜೋಡಿ ಎತ್ತು ಕರೆದುಕೊಂಡು ಬಂದು ದುಡಿಯುತ್ತೀರಿ. ಕೂಲಿ ಇಲ್ಲ. ನಿಮ್ಮ ಹೊಲದ ಪಾಳಿ ಬಂದಾಗ ನಾನು ಅಷ್ಟೇ ಆಳು ಅಷ್ಟೇ ಎತ್ತು ತಂದು ತೀರಿಸುತ್ತೇನೆ. ಬಿತ್ತುವುದಕ್ಕೂ ಕೊಯ್ಯುವುದಕ್ಕೂ ಎರಡು ದಂಡೆಯ ನಡುವೆ ಅಜ್ಜ ಮುತ್ತಜ್ಜನ ಕಾಲದಿಂದ ಈ ಮುಯ್ಯಿ ನಡೆದಿತ್ತು. ನಡುವೆ ಎರಡು ಸರಕಾರ ಇವೆ ಅನ್ನುವುದು ಎತ್ತುಗಳಿಗೆ ಗೊತ್ತಿರಲಿಲ್ಲ. ಈಗ ವಿರೂಪಾಕ್ಷಗೌಡರು ತಮ್ಮೂರಲ್ಲಿ ಸಾಲಿಗೆ ಬರುವ ಮಕ್ಕಳು ಕಮ್ಮಿ ಬಿದ್ದಾರು ಅಂತ ಲೆಕ್ಕ ಹಾಕಿ, ಎತ್ತು ಕೇಳಿದ ಹಾಗೆ ಮಕ್ಕಳನ್ನು ಕೇಳಿದ್ದರು. ಮಾಸ್ತರರು ಎತ್ತು ಕೊಟ್ಟ ಹಾಗೆ ಕೊಟ್ಟಿದ್ದರು. ಸಾಹೇಬರು ಮರುದಿನವೇ ಬರುವವರಿದ್ದರು.

ಇದು ನಡೀತೈತೇನ್ರಿ ಅಂತ ಕೇಳಿದೆ. ಮಕ್ಕಳು ಮಕ್ಕಳ, ಸಾಲಿ ಸಾಲಿ, ಅದರಾಗ ಅವರವು ಇವರವು ಅಂತ ಏನೈತಿ, ಅಂದರು. ಒಂದಲ್ಲ ಒಂದು ದಿನ ಕನ್ನಡ ಮಾತಾಡುವವರೆಲ್ಲ ಒಂದೇ ರಾಜ್ಯ ಆಗುತ್ತೇವೆ, ಆಗ ಈ ಹೊಳೆ ಹದ್ದಿ ಆಗಿರುವುದಿಲ್ಲ ಅಂತಲೂ ಸೇರಿಸಿದರು. ಮಾತು ಎಷ್ಟು ಚಲೋ ಇತ್ತೆಂದರೆ ನಾನು ಬಾಯಿ ಮುಚ್ಚಿದೆ.

ಹರಗೋಲಿನಲ್ಲಿ ಆಯಿ ನನ್ನ ಅಂಗಿಯ ಕಾಲರು ಗಟ್ಟಿಯಾಗಿ ಹಿಡಿದು ಕುಳಿತಳು. ನಡುನೀರಿನಲ್ಲಿ ಹರಗೋಲು ಬುಗುರಿಯ ಹಾಗೆ ತಿರುಗಿದಾಗ ಆಕೆ ದೇವರ ಹೆಸರು ಹೇಳುತ್ತ ಹೇಳುತ್ತ ಸವ್ವಾಎರಡರ ಮಗ್ಗಿಗೆ ಹೊರಳಿದಳು. ಮಕ್ಕಳು ದನಿಗೂಡಿಸಿದರು. ಹಾಗೆ ಮಗ್ಗಿ ಹೇಳುತ್ತ ನಾವು ಮದ್ರಾಸ ಸರಕಾರವನ್ನು ಮುಟ್ಟಿದೆವು.

ಆಚೆ ದಂಡೆ

ಅಕ್ಕನ ಊರಿನಲ್ಲಿ ಸಾಲಿಗೆ ಅಂತ ಹನುಮಪ್ಪನ ಗುಡಿಯ ಹೊರ ಅಂಕಣವನ್ನು ಸಾರಿಸಿ ಇಟ್ಟಿದ್ದರು. ಸಾಹೇಬರಿಗೆ ಕುರ್ಚಿ, ಅದರ ಕೆಳಗೆ ಗೌಡರ ಮನೆಯ ಕೆಂಪು ಜಮಖಾನೆ. ಮುಯ್ಯಿಗೆ ಬಂದ ಹುಡುಗರು ಮುಂದಿನ ಸಾಲು. ಊರಿನ ಹುಡುಗರು ಎಂಟೋ ಹತ್ತೋ, ಹಿಂದಿನ ಸಾಲು. ಕಂಬದ ಮರೆಗೆ ಚನ್ನಿ. ಗೌಡರು ಅವಳನ್ನು ಸಾಲಿನಲ್ಲಿ ಕೂಡಿಸಿರಲಿಲ್ಲ. ಮೊದಲು ಸಾಲಿ ಆಗಲಿ, ಆಮೇಲೆ ಹೆಣ್ಣು ಹುಡುಗರ ಮಾತು ಅಂದಿದ್ದರು. ಅಕ್ಕ ಬಾಗಿಲ ಹೊರಗೆ ಸೆರಗು ಹೊದ್ದು ನಿಂತಿದ್ದಳು. ಬಂದ ಮೇಲೆ ನನ್ನ ಕೂಡ ಆಕೆ ಹೆಚ್ಚು ಮಾತಾಡಿರಲಿಲ್ಲ. ಊಟಕ್ಕೆ ಬಡಿಸುವಾಗ ಒಮ್ಮೆ ಮಾತ್ರ, ಇದು ತಪ್ಪಿದ್ರ ಇನ್ನೊಂದು ಸುಗ್ಗಿ ತನಕ ಅವರು ಕಾಯೂದಿಲ್ಲೋ ತಮ್ಮಾ, ಅಂದಿದ್ದಳು.

ಡೆಪ್ಯುಟಿ ಸಾಹೇಬರು ಛತ್ರಿ ಹಿಡಿದು ಚಕ್ಕಡಿಯಿಂದ ಇಳಿದರು. ಬಳ್ಳಾರಿ ಕಡೆಯವರು, ಮನೆಮಾತು ತೆಲುಗು, ಕನ್ನಡವನ್ನು ಪುಸ್ತಕದಲ್ಲಿದ್ದ ಹಾಗೆ ಮಾತಾಡುತ್ತಿದ್ದರು. ಮಕ್ಕಳ ಸಾಲು ನೋಡಿ ಅವರಿಗೆ ಖುಷಿ ಆಯಿತು. ಮಗ್ಗಿ ಕೇಳಿದರು. ಹುಡುಗರು ಗುಡಿ ಅದುರುವ ಹಾಗೆ ಹೇಳಿದರು. ಗೌಡರು ಮೀಸೆ ಸವರಿಕೊಂಡರು. ಆಮೇಲೆ ಸಾಹೇಬರು ಕೇಳಿದರು:

"ಮಕ್ಕಳೇ, ನಮ್ಮ ಪ್ರಾಂತದ ರಾಜಧಾನಿ ಯಾವುದು?"

ಮುಂದಿನ ಸಾಲು ಒಂದೇ ದನಿಯಲ್ಲಿ, "ಮುಂಬಯಿ" ಅಂತು.

ಸಾಹೇಬರು ಕಿವಿ ಕೆರೆದುಕೊಂಡರು. ನಮ್ಮ ಜಿಲ್ಲೆ ಯಾವುದು ಅಂದರು. ಧಾರವಾಡ ಅಂದರು ಹುಡುಗರು, ಮೊದಲಿಗಿಂತ ಜೋರಾಗಿ. ಪಾಪ, ಅವರ ಮಾಸ್ತರರು ಅಷ್ಟು ಗಟ್ಟಿಯಾಗಿ ಕಲಿಸಿದ್ದರು. ನಾನು ಕಂಬ ನೋಡಿದೆ. ಗೌಡರು ಕಂಬ ನೋಡಿದರು. ಸಾಹೇಬರು ತುದಿಗಿದ್ದವನನ್ನು ಮೆಲ್ಲಗೆ, ನಿಮ್ಮೂರು ಯಾವುದಪ್ಪಾ ಅಂತ ಕೇಳಿದರು. ಕೊರ್ಲಹಳ್ಳಿರಿ, ಮುಯ್ಯಿಗೆ ಬಂದೇವ್ರಿ, ಅಂತ ಅವನು ನೆಟ್ಟಗೆ ನಿಂತು ಹೇಳಿದ.

ಮುಯ್ಯಿ ಅಂದರೇನು ಅಂತ ಸಾಹೇಬರಿಗೆ ಗೌಡರೇ ತಿಳಿಸಿ ಹೇಳಬೇಕಾಯಿತು. ಕೇಳುತ್ತ ಕೇಳುತ್ತ ಅವರು ನಕ್ಕರು, ಚಷ್ಮಾ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ನಗೆ ನಿಂತ ಮೇಲೆ ಹಿಂದಿನ ಸಾಲನ್ನು ಎಣಿಸಿದರು. ಇಷ್ಟಕ್ಕೆ ಶಾಲೆ ಕೊಡಲು ಬರುವುದಿಲ್ಲ ಗೌಡರೇ, ನಾಲ್ಕೈದು ವರ್ಷ ಹೋಗಲಿ, ಮಕ್ಕಳು ಹುಟ್ಟಲಿ, ಅಂತ ಎದ್ದರು. ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚಲೋ ಇತ್ತು. ಹೊರಗೆ ಅಕ್ಕ ಗೋಡೆಗೆ ಆತು ನಿಂತಳು.

ಅವರನ್ನು ಕಳಿಸಲು ಗೌಡರೂ ನಾನೂ ಜೊತೆಗೆ ನಡೆದೆವು. ಊರ ಅಂಚಿನಲ್ಲಿ ಒಂದು ಸಣ್ಣ ಹಳ್ಳ. ಅದರ ಆಚೆ ಕೇರಿ, ಊರವರು ಮುಟ್ಟದೆ ದೂರ ಇಟ್ಟ ಜನರ ಮನೆಗಳು. ಹಳ್ಳದ ನೀರಿನಲ್ಲಿ ಹುಡುಗರು ಏಡಿ ಹಿಡಿಯುತ್ತಿದ್ದರು. ದಂಡೆಯ ಮೇಲೆ ಆಡು ಕಾಯುವ ಹುಡುಗಿಯರು. ಎಷ್ಟೋ ಮಕ್ಕಳು. ಸಾಹೇಬರು ನಿಂತುಬಿಟ್ಟರು.

"ಇವರು ಯಾವ ಪ್ರಾಂತದವರು, ಗೌಡರೇ?"

ಗೌಡರು ಕೆಟ್ಟವರಲ್ಲ. ಸಾಲಿ ಬೇಕು ಅಂತ ತಿಂಗಳುಗಟ್ಟಲೆ ಓಡಾಡಿದವರು, ಮಕ್ಕಳು ಯಾರಾರು ಅಂತ ರಾತ್ರಿ ಹಗಲು ಎಣಿಸಿದವರು. ಆ ಎಣಿಕೆಯಲ್ಲಿ ಈ ಮಕ್ಕಳು ಒಮ್ಮೆಯೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ನಾನಾದರೂ ಏನು, ಹಿಂದಿನ ಸಂಜೆ ಅದೇ ಹಳ್ಳದ ದಂಡೆಗೆ ಮುಖ ತೊಳೆಯಲು ಬಂದಿದ್ದೆ. ಸಾಹೇಬರು ಚಕ್ಕಡಿ ಬಿಚ್ಚಲು ಹೇಳಿದರು. ಸಂಜೆವರೆಗೆ ಇರುತ್ತೇನೆ, ಊರಿನ ಎಲ್ಲ ಮಕ್ಕಳನ್ನೂ ತೋರಿಸಿ, ಅಂದರು.

ಗುಡಿಯ ಕಟ್ಟೆಯ ಮೇಲೆ ದೊಡ್ಡ ಮಾತು ನಡೆಯಿತು. ಊರ ಹಿರಿಯರು ಒಬ್ಬೊಬ್ಬರೇ ಬಂದು ಗೌಡರ ಕಿವಿಯಲ್ಲಿ ಹೇಳಿ ಹೋದರು. ಸಾಲಿ ಇಲ್ಲದೆ ಇಷ್ಟು ದಿನ ಯಾರೂ ಸತ್ತಿಲ್ಲ ಅಂತ ಒಬ್ಬ. ಅವರು ಬಂದರೆ ನಮ್ಮ ಹುಡುಗರನ್ನು ಕಳಿಸುವುದಿಲ್ಲ ಅಂತ ಇನ್ನೊಬ್ಬ. ಗೌಡರು ಎಲ್ಲರಿಗೂ ಹೂಂ ಅಂದರು. ಗುರವ್ವ ಆಯಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಎಲ್ಲವನ್ನೂ ಕೇಳಿ, ತಮ್ಮನ ಎದುರಿಗೆ ಬಂದು ಕುಳಿತಳು.

"ವಿರೂಪಾಕ್ಷಾ, ಮಕ್ಕಳು ಬೇಕಂತ ಹೊಳಿ ದಾಟಿದಿ. ಹಳ್ಳ ದಾಟಾಕ ಯಾಕ ಆಗವಲ್ತು ನಿನಗ?"

"ಅಕ್ಕಾ, ಗುಡಿ ನನ್ನದಲ್ಲ. ದೇವರದು. ಒಳಗ ಬರ್ರಿ ಅಂತ ನಾ ಹೆಂಗ ಅನ್ನಲಿ?"

"ಗುಡಿ ದೇವರದು. ಸಾಲಿ ಯಾರದು?"

ಗೌಡರು ಬಹಳ ಹೊತ್ತು ಕೈಯಲ್ಲಿನ ಕೋಲಿನಿಂದ ನೆಲ ಗೀರಿದರು. ಆ ಹೊತ್ತಿನಲ್ಲಿ ಯಾರಿಗೂ ಹೇಳದೆ ನನ್ನ ಅಕ್ಕ ಕೇರಿಗೆ ಹೋಗಿದ್ದಳು. ಚನ್ನಿಯ ಕೈ ಹಿಡಿದುಕೊಂಡು ಹಳ್ಳ ದಾಟಿ, ಮನೆ ಮನೆಯ ಮುಂದೆ ನಿಂತು ಕರೆದಳಂತೆ. ಗೌಡರ ಸೊಸೆ ಕೇರಿಗೆ ಬಂದದ್ದು ಅದೇ ಮೊದಲು. ಅಲ್ಲಿಯ ತಾಯಂದಿರೂ ಅಂಜಿದರಂತೆ, ಇದರಾಗ ಏನರ ಐತಿ ಅಂತ. ಒಬ್ಬ ಮುದುಕಿ, ನಾಳಿ ನಮ್ಮ ಗಂಡಸರಿಗೆ ಹೊಲದ ಕೆಲಸ ತಪ್ಪಿಸಿದ್ರ ಯಾರು ಕೊಡ್ತೀರವ್ವಾ ಅಂತ ಕೇಳಿದಳಂತೆ. ಆದರೂ ಮಕ್ಕಳು ಬಂದರು. ಮುಖ ತೊಳೆದುಕೊಂಡು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದರು. ಗುಡಿಯ ಕಟ್ಟೆಯಿಂದ ಒಂದು ಮಾರು ದೂರದಲ್ಲಿ, ಯಾರೂ ಹೇಳದೆಯೇ, ನಿಂತರು.

ಹೊರಗೆ ನಿಂತ ಮಗುವನ್ನು ನಾನು ಎಣಿಸುವುದಿಲ್ಲ, ಅಂದರು ಸಾಹೇಬರು.

ಊರೆಲ್ಲ ಗೌಡರನ್ನು ನೋಡಿತು. ಗೌಡರು ಎದ್ದರು. ಕುರ್ಚಿಯ ಕೆಳಗಿನ ಜಮಖಾನೆ ಎಳೆದು ಹೆಗಲ ಮೇಲೆ ಹಾಕಿಕೊಂಡು ಗುಡಿಯ ಮೆಟ್ಟಿಲು ಇಳಿದರು. ಸಿಟ್ಟಿನಿಂದ ಮನೆಗೆ ಹೊರಟರು ಅಂತಲೇ ಎಲ್ಲರೂ ತಿಳಿದೆವು. ಅವರು ಮನೆಗೆ ಹೋಗಲಿಲ್ಲ. ಗುಡಿಯ ಎದುರಿಗಿದ್ದ ತಮ್ಮ ಸ್ವಂತ ಕಣಕ್ಕೆ ಹೋದರು. ರಾಶಿಗೆ ಅಂತ ಸಗಣಿ ಹಾಕಿ ಸಾರಿಸಿದ ಹಸನಾದ ಕಣ ಅದು. ಕಾಲಿನ ಜೋಡು ಹೊರಗೆ ಬಿಟ್ಟು ಒಳಗೆ ಹೋಗಿ ಜಮಖಾನೆ ಹಾಸಿದರು.

"ಸಾಲಿ ಇಲ್ಲೇ ಆಗಲಿ," ಅಂದರು. "ಕಣ ನನ್ನದು. ಇದಕ್ಕ ಯಾರನ್ನೂ ಕೇಳಬೇಕಾಗಿಲ್ಲ."

ಊರ ಹುಡುಗರಲ್ಲಿ ಇಬ್ಬರನ್ನು ಅವರ ಅಪ್ಪಂದಿರು ಆಗಲೇ ಎಬ್ಬಿಸಿಕೊಂಡು ಹೋದರು. ಉಳಿದವರು ಬಂದು ಜಮಖಾನೆಯ ಮೇಲೆ ಕುಳಿತರು. ಕೇರಿಯ ಮಕ್ಕಳು ಅದರ ಅಂಚು ಬಿಟ್ಟು ಬರಿಯ ನೆಲದ ಮೇಲೆ ಕುಳಿತರು. ಸಾಹೇಬರು ನೋಡಿದರು, ನಾನೂ ನೋಡಿದೆ. ಅಕ್ಕ ಬಂದು, ಮೇಲಕ್ಕ ಏಳ್ರೋ ಒಂದಿಷ್ಟು ಅಂತ ಎಲ್ಲರನ್ನೂ ಎಬ್ಬಿಸಿ, ಜಮಖಾನೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಈಗ ಕೂಡ್ರಿ ಅಂದಳು. ಎಲ್ಲರೂ ನೆಲದ ಮೇಲೆ ಕುಳಿತರು. ಕುಳಿತ ಮೇಲೂ ನಡುವೆ ಒಂದು ಮಗು ಹಿಡಿಸುವಷ್ಟು ಜಾಗ ಖಾಲಿ ಉಳಿದಿತ್ತು. ಇಲ್ಲ ಅಂತ ಸುಳ್ಳು ಹೇಳಲಾರೆ. ಆ ಜಾಗದಲ್ಲಿ ಚನ್ನಿ ಬಂದು ಕುಳಿತಳು. ಬೇಕಂತ ಕುಳಿತಳೋ, ಬೇರೆ ಕಡೆ ಜಾಗ ಸಿಗದೆ ಕುಳಿತಳೋ, ನಾನು ಮುಂದೆಂದೂ ಕೇಳಲಿಲ್ಲ.

ಸಾಹೇಬರು ಮುಯ್ಯಿಯ ಹುಡುಗರನ್ನು ಬಿಟ್ಟು ಎಣಿಸಿದರು. ತಪ್ಪಿರಬಹುದು ಅಂತ ಇನ್ನೊಮ್ಮೆ ಎಣಿಸಿದರು. ಸಾಕು ಅಂದರು. ಆಮೇಲೆ ಕುಳಿತ ಸಾಲಿನಲ್ಲಿಯೇ ಒಬ್ಬೊಬ್ಬರ ಹೆಸರು ಕೇಳುತ್ತ ಬಂದರು. ಕೇರಿಯ ತಾಯಿಯೊಬ್ಬಳು ಮಗನ ಹೆಸರನ್ನು ಅಷ್ಟು ಮಂದಿಯ ಎದುರಿಗೆ ಹೇಳಲಾರದೆ ಎರಡು ಸಲ ನುಂಗಿದಳು. ಚನ್ನಿಯ ಪಾಳಿ ಬಂತು. ಚನ್ನಿ ಅಜ್ಜನನ್ನು ನೋಡಿದಳು. ಅಕ್ಕ ನೆಲ ನೋಡಿದಳು. ಗೌಡರು ಗಂಟಲು ಸರಿಮಾಡಿಕೊಂಡರು.

"ಚನ್ನವ್ವ. ನನ್ನ ಮೊಮ್ಮಗಳು. ಬರಕೊಳ್ರಿ."

ಆಮೇಲೆ ನನ್ನ ಕಡೆ ತಿರುಗಿ, ಊರೆಲ್ಲ ಕೇಳುವ ಹಾಗೆ ಅಂದರು:

"ಮಾಸ್ತರ, ನೀ ಬ್ಯಾರೆ ಕಡೆ ಹೆಣ್ಣು ನೋಡಕೋ."